ಗೆರೆ ಬಿಟ್ಟ ಚಿತ್ರ, ಗೆರೆ ಕಲಿತ ಯಂತ್ರ

ಕೋಲ್ಕತ್ತದ ದಕ್ಷಿಣ ಭಾಗದಲ್ಲಿ, ಗೋಲ್‌ಪಾರ್ಕ್ ವೃತ್ತದಿಂದ ಪಶ್ಚಿಮಕ್ಕೆ ಹೊರಡುವ ಅಗಲವಾದ ರಸ್ತೆ ಸದರ್ನ್ ಅವೆನ್ಯೂ. ದಾಖಲೆಯಲ್ಲಿ ಅದರ ಹೆಸರು ಡಾ. ಮೇಘನಾದ ಸಾಹಾ ಸರಣಿ. ಜನ ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ. ರಸ್ತೆಯ ಒಂದು ಮಗ್ಗುಲಿಗೆ ರವೀಂದ್ರ ಸರೋವರವಿದೆ. ಕಲ್ಕತ್ತ ಇಂಪ್ರೂವ್‌ಮೆಂಟ್ ಟ್ರಸ್ಟ್ 1920ರ ದಶಕದಲ್ಲಿ ತೋಡಿಸಿದ ಕೆರೆ ಅದು. ಕೆರೆಯ ದಕ್ಷಿಣದ ಅಂಚಿನಲ್ಲಿ ಒಂದು ಜಪಾನೀ ಬೌದ್ಧ ಮಂದಿರ ಇದೆ. ನಿಪ್ಪೊನ್‌ಜಾನ್ ಮ್ಯೋಹೋಜಿ ಪಂಥದ ಭಿಕ್ಷು ನಿಚಿದಾತ್ಸು ಫುಜಿ 1935ರಲ್ಲಿ ಅದನ್ನು ಸ್ಥಾಪಿಸಿದರು. ಅದಕ್ಕೆ ಎರಡು ವರ್ಷ ಮೊದಲು ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡು ಬಂದವರು ಅವರು. ಇದೇ ಅವೆನ್ಯೂದ ಇನ್ನೊಂದು ವಿಳಾಸ 1967ರಲ್ಲಿ ಬಾಗಿಲು ತೆರೆದ ಬಿರ್ಲಾ ಕಲೆ ಮತ್ತು ಸಂಸ್ಕೃತಿ ಅಕಾಡೆಮಿ.

ಕೆರೆಯಂಚಿನ ಮಂದಿರ ಕೋಲ್ಕತ್ತಕ್ಕೂ ಜಪಾನಿಗೂ ಇರುವ ನಂಟಿನ ಎದ್ದು ಕಾಣುವ ಗುರುತು. ಆ ನಂಟಿನ ಇನ್ನೊಂದು ಗುರುತು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದು ಬಂಗಾಳದ ಹಳೆಯ ಜಲವರ್ಣ ಚಿತ್ರಗಳೊಳಗೆ ಮಂಜಿನಂತೆ ಹರಡಿಕೊಂಡಿದೆ. ಜಪಾನಿನ ಕಂಪ್ಯೂಟರ್ ಅನಿಮೇಷನ್ ಸ್ಟುಡಿಯೋಗಳ ನಲವತ್ತು ವರ್ಷಗಳ ಪಾಡು ಅರ್ಥವಾಗಬೇಕಾದರೆ ಈ ಮಂಜಿನಿಂದಲೇ ಶುರುಮಾಡುವುದು ಒಳ್ಳೆಯದು. ಎರಡೂ ಕಡೆ ಜಗಳ ಒಂದೇ: ಗೆರೆ ಇಲ್ಲದ ಚಿತ್ರ ಚಿತ್ರವೇ?

ಮಬ್ಬು ಶೈಲಿಯವರು

ಕಲಾ ಚಿಂತಕ ಒಕಾಕುರಾ ಕಾಕುಜೊ 1902ರ ಆರಂಭದಲ್ಲಿ ಕಲ್ಕತ್ತೆಗೆ ಬಂದರು. ಠಾಕೂರರ ಮನೆತನದೊಂದಿಗೆ ಬೆರೆತರು, ಏಷ್ಯಾದ ಕಲೆಯ ಆದರ್ಶಗಳ ಬಗ್ಗೆ ಪುಸ್ತಕ ಬರೆದರು. ಮರುವರ್ಷ ಅವರ ಇಬ್ಬರು ಶಿಷ್ಯರು ಬಂದರು: ಯೊಕೊಯಾಮ ತೈಕಾನ್ ಮತ್ತು ಹಿಷಿದ ಷುನ್‌ಸೊ. ಅವರಿಬ್ಬರಿಗೂ ತಮ್ಮ ದೇಶದಲ್ಲಿ ಒಳ್ಳೆಯ ಹೆಸರಿರಲಿಲ್ಲ. ಜಪಾನೀ ಚಿತ್ರಕಲೆಯ ಜೀವ ಮಸಿಯ ಗೆರೆ. ಕುಂಚ ಕಾಗದದ ಮೇಲೆ ಎಲ್ಲಿ ಒತ್ತಿತು, ಎಲ್ಲಿ ಹಗುರವಾಯಿತು ಎನ್ನುವುದರಲ್ಲೇ ಕಲಾವಿದನ ಬೆಲೆ ತೀರ್ಮಾನವಾಗುತ್ತಿತ್ತು. ತೈಕಾನ್ ಮತ್ತು ಷುನ್‌ಸೊ ಆ ಗೆರೆಯನ್ನೇ ಬಿಟ್ಟುಬಿಟ್ಟರು. ಬಣ್ಣವನ್ನು ಒದ್ದೆ ಕಾಗದದ ಮೇಲೆ ಹರಡಿ ಗಾಳಿ, ಬೆಳಕು, ಮಳೆಯ ತೇವವನ್ನು ತೋರಿಸಲು ಹೊರಟರು. ವಿಮರ್ಶಕರು ಇದನ್ನು 'ಮೊರೊತಾಯ್' ಎಂದು ಕರೆದರು. ಮಬ್ಬು ಶೈಲಿ ಎಂದು ಅರ್ಥ. ಅದು ಹೊಗಳಿಕೆಯಲ್ಲ, ಮೂದಲಿಕೆ.

ಕಲ್ಕತ್ತೆಯಲ್ಲಿ ಆ ಮೂದಲಿಕೆಯ ಹಂಗು ಇರಲಿಲ್ಲ. ಜೊರಾಸಾಂಕೊದ ಮನೆಯಲ್ಲಿ ತೈಕಾನ್ ಚಿತ್ರ ಬಿಡಿಸುವುದನ್ನು ಅವನೀಂದ್ರನಾಥ ಠಾಕೂರರು ಹತ್ತಿರ ಕೂತು ನೋಡಿದರು. ತೈಕಾನ್ ಕುಂಚದಿಂದ ಕಾಗದವನ್ನು ಒದ್ದೆಮಾಡುತ್ತಿದ್ದರು. ಅವನೀಂದ್ರನಾಥರು ಒಂದು ಹೆಜ್ಜೆ ಮುಂದೆ ಹೋಗಿ ಬಿಡಿಸಿದ ಚಿತ್ರವನ್ನೇ ನೀರಿನಲ್ಲಿ ಅದ್ದಿ ತೆಗೆದರು. ಬಣ್ಣದ ಅಂಚುಗಳು ಕರಗಿ ಮೈಯೊಳಗೆ ಇಳಿದವು. ಬಂಗಾಳ ಶಾಲೆಯ 'ವಾಷ್' ವಿಧಾನ ಹುಟ್ಟಿದ್ದು ಹೀಗೆ. 1905ರ 'ಭಾರತಮಾತಾ' ಚಿತ್ರದ ಮಬ್ಬಾದ ಕೇಸರಿ ಬೆಳಕು ಅದೇ ವಿಧಾನದ ಫಲ.

ಹಾಗೆಂದು ಜಪಾನಿನಲ್ಲಿ ಗೆರೆ ಸೋಲಲಿಲ್ಲ. ತೈಕಾನ್ ಮುಂದೆ ಆ ದೇಶದ ಅತಿ ದೊಡ್ಡ ಚಿತ್ರಕಾರರಲ್ಲಿ ಒಬ್ಬರಾದರು, ನಿಜ. ಆದರೆ ಸಾಮಾನ್ಯ ಜನರ ಕೈಗೆ ಬಂದ ಚಿತ್ರಗಳು, ಅಂದರೆ ಮರದಚ್ಚಿನ ಚಿತ್ರಗಳಿಂದ ಹಿಡಿದು ಇಪ್ಪತ್ತನೆಯ ಶತಮಾನದ ಮಾಂಗಾ ಪುಸ್ತಕಗಳವರೆಗೆ, ಗೆರೆಯ ಮೇಲೆಯೇ ನಿಂತವು. ಅನಿಮೇಷನ್ ಬಂದಾಗ ಅದೂ ಗೆರೆಯನ್ನೇ ಹಿಡಿಯಿತು.

ಸೆಕೆಂಡಿಗೆ ಎಂಟು ಚಿತ್ರ

ಸಿನಿಮಾ ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಡಿಸ್ನಿಯಂಥ ಸಿರಿವಂತ ಸ್ಟುಡಿಯೋ ಅದಕ್ಕಾಗಿ 24 ಅಥವಾ 12 ಚಿತ್ರ ಬರೆಸುತ್ತಿತ್ತು. 1963ರ ಜನವರಿಯಲ್ಲಿ ಒಸಾಮು ತೆಜುಕಾ ಅವರ 'ಆಸ್ಟ್ರೊ ಬಾಯ್' ಜಪಾನೀ ಟಿ.ವಿ.ಯಲ್ಲಿ ವಾರವಾರವೂ ಬರತೊಡಗಿದಾಗ ಅಷ್ಟು ಚಿತ್ರ ಬರೆಯಲು ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ಒಂದು ಚಿತ್ರವನ್ನು ಮೂರು ಫ್ರೇಮ್‌ಗಳಿಗೆ ನಿಲ್ಲಿಸಿದರು. ಸೆಕೆಂಡಿಗೆ ಎಂಟು ಚಿತ್ರ ಸಾಕಾಯಿತು. ಮುಖ ಅಲುಗದೆ ಬಾಯಿ ಮಾತ್ರ ಅಲುಗಿತು. ಪಾತ್ರ ನಿಂತೇ ಇತ್ತು, ಹಿನ್ನೆಲೆ ಜಾರಿಹೋಯಿತು.

ಬಡತನದ ಈ ಉಪಾಯವೇ ಕಾಲಕ್ರಮದಲ್ಲಿ ಒಂದು ರುಚಿಯಾಯಿತು. ಚಲನೆ ಕಡಿಮೆಯಾದಷ್ಟೂ ನಿಂತ ಚಿತ್ರದ ಗೆರೆ ಗಟ್ಟಿಯಾಗಿರಬೇಕು. ನೋಡುಗರ ಕಣ್ಣು ಆ ಸಣ್ಣ ಜಿಗಿತಗಳಿಗೆ, ಆ ದಪ್ಪ ಅಂಚಿಗೆ, ಎರಡೇ ಛಾಯೆಗಳ ನೆರಳಿಗೆ ಒಗ್ಗಿಕೊಂಡಿತು. 1988ರ 'ಅಕಿರಾ' ಚಿತ್ರಕ್ಕೆ 1,60,000ಕ್ಕೂ ಹೆಚ್ಚು ಸೆಲ್ ಹಾಳೆಗಳನ್ನು ಬಳಸಿದರು ಎಂದು ಹೇಳುತ್ತಾರೆ. ಅದು ಈ ಕೈಗೆಲಸದ ಶಿಖರ. ಭಾರತದ ಓದುಗರಿಗೆ ಹತ್ತಿರದ ಉದಾಹರಣೆ ಯೂಗೊ ಸಾಕೊ ಅವರ 'ರಾಮಾಯಣ'. 1990ರ ದಶಕದ ಆರಂಭದ ಆ ಚಿತ್ರದಲ್ಲಿ ಸಾಕೊ ಮತ್ತು ಕೊಇಚಿ ಸಸಾಕಿ ಅವರ ಜೊತೆ ನಮ್ಮ ರಾಮ್ ಮೋಹನ್ ಕೂಡ ನಿರ್ದೇಶಕರು. 2025ರ ಜನವರಿಯಲ್ಲಿ ಅದು ಭಾರತದ ಚಿತ್ರಮಂದಿರಗಳಿಗೆ ಮತ್ತೆ ಬಂತು. ಅಲ್ಲಿ ರಾಮನ ಹುಬ್ಬಿನಿಂದ ಹಿಡಿದು ಲಂಕೆಯ ಗೋಪುರದವರೆಗೆ ಎಲ್ಲವೂ ಕೈಗೆರೆ.

ಕಂಪ್ಯೂಟರಿಗೆ ಈ ಜಗತ್ತು ಪರಕೀಯ. ಅದಕ್ಕೆ ಗೆರೆ ಎಂದರೇನೆಂದು ಗೊತ್ತಿಲ್ಲ. ಯಾವ ವಸ್ತುವನ್ನೇ ಕೊಟ್ಟರೂ ಅದು ಸಾವಿರಾರು ಸಣ್ಣ ತ್ರಿಕೋನ, ಚತುಷ್ಕೋನಗಳ ಮೈಯಾಗಿ ಅದನ್ನು ಹಿಡಿದಿಡುತ್ತದೆ. ಆ ಮೈಯ ಮೇಲೆ ಎಲ್ಲಿಂದ ಬೆಳಕು ಬಿತ್ತು, ಎಷ್ಟು ಬಿತ್ತು ಎಂದು ಲೆಕ್ಕ ಹಾಕುತ್ತದೆ. ತೈಕಾನ್ ಅವರ ಮಬ್ಬಿನ ಹಾಗೆ ಇಲ್ಲೂ ಇರುವುದು ಮೈ ಮತ್ತು ಬೆಳಕು ಮಾತ್ರ, ಅಂಚಿಲ್ಲ. ಇವೆರಡರ ನಡುವೆ ನೇರವಾದ ನೆಂಟಸ್ತಿಕೆ ಏನೂ ಇಲ್ಲ. ಆದರೂ ಜಪಾನೀ ನೋಡುಗರು ಎರಡಕ್ಕೂ ಮೊದಲು ಮುಖ ಸಿಂಡರಿಸಿದರು.

ಒಸಾಕಾದ ಯಂತ್ರ, ಟೋಕಿಯೋದ ಕಂಪನಿ

1982ರಲ್ಲಿ ಒಸಾಕಾ ವಿಶ್ವವಿದ್ಯಾಲಯದಲ್ಲಿ ಕೊಇಚಿ ಒಮುರಾ ಮತ್ತು ಸಂಗಡಿಗರು 'ಲಿಂಕ್ಸ್-1' ಎಂಬ ಯಂತ್ರ ಕಟ್ಟಿದರು. ಆಗ ಸೂಪರ್ ಕಂಪ್ಯೂಟರ್ ಎಂದರೆ ಕೋಟಿಗಟ್ಟಲೆ ಹಣದ ಒಂದೇ ದೈತ್ಯ ಪೆಟ್ಟಿಗೆ. ಒಮುರಾ ತಂಡ ಬೇರೆ ದಾರಿ ಹಿಡಿಯಿತು. ಪೇಟೆಯಲ್ಲಿ ಸಿಗುವ ಮೈಕ್ರೊಪ್ರೊಸೆಸರ್‌ಗಳನ್ನು ರಾಶಿ ಹಾಕಿ ಒಂದಕ್ಕೊಂದು ಜೋಡಿಸಿದರು. ಚಿತ್ರದ ಒಂದು ಚುಕ್ಕೆಯ ಬಣ್ಣ ಲೆಕ್ಕಹಾಕಲು ಪಕ್ಕದ ಚುಕ್ಕೆಯ ಉತ್ತರಕ್ಕಾಗಿ ಕಾಯಬೇಕಾಗಿಲ್ಲ. ಹಾಗಾಗಿ ಕೆಲಸ ಹಂಚಬಹುದು. ಗದ್ದೆಯಲ್ಲಿ ನಾಟಿ ಹಾಕುವಾಗ ಒಬ್ಬೊಬ್ಬರೂ ತಮ್ಮ ತಮ್ಮ ಸಾಲು ಹಿಡಿದು ಹಿಂದೆ ಸರಿಯುತ್ತಾರಲ್ಲ, ಹಾಗೆ ಒಂದೊಂದು ಪ್ರೊಸೆಸರ್ ಚಿತ್ರದ ಒಂದೊಂದು ಪಾಲನ್ನು ಹಿಡಿಯಿತು. ಒಬ್ಬ ಪೈಲ್ವಾನನ ಬದಲು ನೂರಾರು ಕೂಲಿಯಾಳುಗಳು. ಇಂದು ಪ್ರಪಂಚದ ಎಲ್ಲ ಸ್ಟುಡಿಯೋಗಳೂ ಇದೇ ತತ್ವದ ಮೇಲೆ ನಡೆಯುತ್ತಿವೆ.

ಈ ತಂತ್ರವನ್ನು ಸಿನಿಮಾಕ್ಕೆ ತಂದದ್ದು ತೊಯೊ ಲಿಂಕ್ಸ್ ಎಂಬ ಕಂಪನಿ. 1983ರ ಮೇ ತಿಂಗಳಲ್ಲಿ ಬಿಡುಗಡೆಯಾದ ಒಸಾಮು ದೆಜಾಕಿ ಅವರ 'ಗೊಲ್ಗೊ 13' ಚಿತ್ರದಲ್ಲಿ ಹೆಲಿಕಾಪ್ಟರ್‌ಗಳು ಗಗನಚುಂಬಿ ಕಟ್ಟಡದ ಮೇಲೆ ದಾಳಿ ಮಾಡುವ ದೃಶ್ಯವಿದೆ. ಆ ಹೆಲಿಕಾಪ್ಟರ್‌ಗಳು ಕಂಪ್ಯೂಟರಿನವು. ಉಳಿದದ್ದೆಲ್ಲ ದೆಜಾಕಿಯವರ ಒರಟು, ಬಿರುಸು ಗೆರೆ. ಅದರ ನಡುವೆ ಈ ನುಣುಪಾದ ಬೂದು ಹೆಲಿಕಾಪ್ಟರ್‌ಗಳು ಬೇರೆ ಯಾವುದೋ ಲೋಕದಿಂದ ಹಾರಿಬಂದಂತೆ ಕಾಣುತ್ತವೆ. ಮರುವರ್ಷದ 'ಲೆನ್ಸ್‌ಮನ್' ಚಿತ್ರದಲ್ಲಿ ಜಪಾನ್ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬ್ ಇದೇ ರೀತಿ ಅಂತರಿಕ್ಷ ನೌಕೆಗಳನ್ನು ಮಾಡಿಕೊಟ್ಟಿತು. ಎರಡರಲ್ಲೂ ಬೆಸುಗೆ ಬಿಟ್ಟದ್ದು ಕಣ್ಣಿಗೆ ಕಾಣುತ್ತದೆ. ಅದು ಯಂತ್ರದ ದೌರ್ಬಲ್ಯವಷ್ಟೇ ಅಲ್ಲ, ಒಂದೇ ಪರದೆಯ ಮೇಲೆ ಎರಡು ಚಿತ್ರಭಾಷೆಗಳು ಪರಸ್ಪರ ಗುರುತೇ ಇಲ್ಲದೆ ನಿಂತಿದ್ದವು.

'ಗೊಲ್ಗೊ 13' ತೆರೆಗೆ ಬಂದ ಎರಡು ತಿಂಗಳಿಗೆ, 1983ರ ಜುಲೈಯಲ್ಲಿ, ತೊಷಿಫುಮಿ ಕವಾಹರ ಟೋಕಿಯೋದಲ್ಲಿ ಪಾಲಿಗಾನ್ ಪಿಕ್ಚರ್ಸ್ ಎಂಬ ಕಂಪನಿ ಸ್ಥಾಪಿಸಿದರು. ಪಾಲಿಗಾನ್ ಎಂದರೆ ಬಹುಭುಜ. ಕಂಪ್ಯೂಟರ್ ಜಗತ್ತನ್ನು ಕಟ್ಟುವ ಇಟ್ಟಿಗೆಯ ಹೆಸರನ್ನೇ ಅವರು ಅಂಗಡಿಯ ಬೋರ್ಡಿಗೆ ಬರೆಸಿದ್ದರು. ಕಂಪ್ಯೂಟರ್ ಚಿತ್ರಗಳಿಗೆಂದೇ ಹುಟ್ಟಿ ಇಂದಿಗೂ ಬಾಳುತ್ತಿರುವ ಪ್ರಪಂಚದ ಹಳೆಯ ಸ್ಟುಡಿಯೋಗಳಲ್ಲಿ ಅದೂ ಒಂದು. ಪಿಕ್ಸಾರ್ ಸ್ವತಂತ್ರ ಕಂಪನಿಯಾದದ್ದು 1986ರಲ್ಲಿ. ಆದರೆ ಪಿಕ್ಸಾರ್ 1995ರಲ್ಲಿ 'ಟಾಯ್ ಸ್ಟೋರಿ' ಮಾಡಿ ಮನೆಮಾತಾದಾಗ ಪಾಲಿಗಾನ್ ಜಾಹೀರಾತು ಮಾಡುತ್ತ, 'ರಾಕಿ' ಮತ್ತು 'ಹಾಪರ್' ಎಂಬ ಜೋಡಿ ಪೆಂಗ್ವಿನ್‌ಗಳನ್ನು ಕುಣಿಸುತ್ತ ದಿನ ದೂಡುತ್ತಿತ್ತು. ತನ್ನ ನೆಲದ ಅನಿಮೇಷನ್ ಉದ್ಯಮದಲ್ಲಿ ಅದಕ್ಕೆ ಕೂರಲು ಜಾಗವಿರಲಿಲ್ಲ. ಅಲ್ಲಿನ ದೊಡ್ಡ ಕೆಲಸಗಳೆಲ್ಲ ಪೆನ್ಸಿಲ್ ಹಿಡಿದವರ ಪಾಲಿನವು.

ಹೊನೊಲುಲುವಿನ ಪಾಠ

ಗೆರೆಯ ಗೊಡವೆಯೇ ಬೇಡ, ಯಂತ್ರಕ್ಕೆ ಸಹಜವಾದದ್ದನ್ನೇ ಕೊನೆಯವರೆಗೆ ಎಳೆದು ನೋಡೋಣ ಎಂದು ಹೊರಟ ಜಪಾನೀ ಸ್ಟುಡಿಯೋ ಸ್ಕ್ವೇರ್ ಪಿಕ್ಚರ್ಸ್. ವಿಡಿಯೋ ಗೇಮ್‌ನಿಂದ ಹೆಸರು ಮಾಡಿದ್ದ ಹಿರೊನೊಬು ಸಕಾಗುಚಿ ಹವಾಯಿಯ ಹೊನೊಲುಲುವಿನಲ್ಲಿ ಸ್ಟುಡಿಯೋ ಕಟ್ಟಿದರು. ಸುಮಾರು ನಾಲ್ಕು ವರ್ಷ ದುಡಿದು 2001ರ ಜುಲೈಯಲ್ಲಿ 'ಫೈನಲ್ ಫ್ಯಾಂಟಸಿ: ದಿ ಸ್ಪಿರಿಟ್ಸ್ ವಿದಿನ್' ಬಿಡುಗಡೆ ಮಾಡಿದರು. ಫೋಟೋದಂತೆ ಕಾಣುವ ಮನುಷ್ಯರಿರುವ, ಪೂರ್ತಿ ಕಂಪ್ಯೂಟರಿನಲ್ಲೇ ಆದ ಮೊದಲ ದೊಡ್ಡ ಚಿತ್ರ ಅದು.

ಅಂಕಿಗಳನ್ನು ನೋಡಿದರೆ ಹಟ ಎಷ್ಟಿತ್ತೆಂದು ತಿಳಿಯುತ್ತದೆ. ನಾಯಕಿ ಅಕಿ ರಾಸ್‌ಳ ತಲೆಯಲ್ಲಿ 60,000 ಕೂದಲೆಳೆ, ಒಂದೊಂದಕ್ಕೂ ಪ್ರತ್ಯೇಕ ಲೆಕ್ಕ. ಇಡೀ ಚಿತ್ರದಲ್ಲಿ 1,41,964 ಫ್ರೇಮ್. ಒಂದು ಫ್ರೇಮ್ ಮುಗಿಯಲು ಸರಾಸರಿ 90 ನಿಮಿಷ. ಒಂದೇ ಯಂತ್ರಕ್ಕೆ ಒಪ್ಪಿಸಿದ್ದರೆ 24 ವರ್ಷ ಹಿಡಿಯುತ್ತಿತ್ತು. ಆದ್ದರಿಂದ 960 ಯಂತ್ರಗಳನ್ನು ಒಟ್ಟಿಗೆ ದುಡಿಸಿದರು. ಖರ್ಚು 13.7 ಕೋಟಿ ಡಾಲರ್. ಪ್ರಪಂಚದಾದ್ಯಂತ ಬಂದ ಗಳಿಕೆ ಸುಮಾರು 8.5 ಕೋಟಿ. ಮರುವರ್ಷ ಸ್ಟುಡಿಯೋ ಮುಚ್ಚಿತು.

ಸೋಲಿಗೆ ಕಾರಣಗಳು ಹಲವು. ಕಥೆ ತೊಡಕಾಗಿತ್ತು, ಗೇಮ್ ಆಡುವವರಿಗೆ ಅದು ತಮ್ಮ ಗೇಮ್ ಎನಿಸಲಿಲ್ಲ. ಜೊತೆಗೆ ಇನ್ನೊಂದು ವಿಷಯವಿತ್ತು. ಕೂದಲು ಕೂದಲಾಗಿಯೇ ಇತ್ತು, ಚರ್ಮದ ಮೇಲೆ ಮಚ್ಚೆಯೂ ಇತ್ತು, ಕಣ್ಣಲ್ಲಿ ಮಾತ್ರ ಜೀವ ಇರಲಿಲ್ಲ. ಮನುಷ್ಯನಂತೆಯೇ ಕಾಣುವ ಬೊಂಬೆ ಒಂದಿಷ್ಟು ತಪ್ಪಿದರೂ ನೋಡುವವರ ಮೈ ಜುಮ್ಮೆನ್ನುತ್ತದೆ. ಜಪಾನಿನ ರೊಬಾಟ್ ತಜ್ಞ ಮಸಾಹಿರೊ ಮೋರಿ ಇದನ್ನು 1970ರಲ್ಲೇ ಒಂದು ಪ್ರಬಂಧದಲ್ಲಿ ಬರೆದಿದ್ದರು. ನಾಲ್ಕು ಗೆರೆಯ ಮುಖವನ್ನು ನೋಡುಗ ತನ್ನ ಮನಸ್ಸಿನಿಂದ ತುಂಬಿಕೊಳ್ಳುತ್ತಾನೆ. ಎಲ್ಲವನ್ನೂ ತುಂಬಿಕೊಟ್ಟ ಮುಖದಲ್ಲಿ ಅವನಿಗೆ ಕೆಲಸವೇ ಇಲ್ಲ, ಆಗ ತಪ್ಪು ಹುಡುಕುತ್ತಾನೆ.

ಪರರ ಅಕ್ಷರ

ಪಾಲಿಗಾನ್ ಇಂಥ ಸಾಹಸಕ್ಕೆ ಕೈಹಾಕಲಿಲ್ಲ. 1999ರಲ್ಲಿ ಸೇರಿದ್ದ ಷೂಜೊ ಜಾನ್ ಷಿಯೋತ 2003ರಲ್ಲಿ ಮುಖ್ಯಸ್ಥರಾದರು. ಅವರ ಕಾಲದಲ್ಲಿ ಕಂಪನಿ ಎರಡು ಬಗೆಯ ಕೆಲಸ ಹಿಡಿಯಿತು. ಒಂದು, ಜಪಾನೀ ಚಿತ್ರಗಳಲ್ಲಿ ಯಂತ್ರಕ್ಕೆ ಬಿಟ್ಟುಕೊಟ್ಟ ಭಾಗಗಳು. ಮಾಮೊರು ಒಷಿಯಿ ಅವರ 'ಇನೊಸೆನ್ಸ್' (2004) ಚಿತ್ರಕ್ಕೂ, 'ದಿ ಸ್ಕೈ ಕ್ರಾಲರ್ಸ್' (2008) ಚಿತ್ರದ ವಿಮಾನ ಕಾಳಗಕ್ಕೂ ಪಾಲಿಗಾನ್ ಕೆಲಸ ಮಾಡಿತು. 'ಸ್ಕೈ ಕ್ರಾಲರ್ಸ್' ನೋಡಿದವರಿಗೆ ಗೊತ್ತು: ನೆಲದ ಮೇಲೆ ಮನುಷ್ಯರು ಗೆರೆಯವರು, ಆಕಾಶದಲ್ಲಿ ವಿಮಾನಗಳು ಬೆಳಕಿನವು. ಒಷಿಯಿ ಆ ಬಿರುಕನ್ನು ಮುಚ್ಚಲಿಲ್ಲ, ನೆಲದ ಬೇಸರಕ್ಕೂ ಆಕಾಶದ ಅಮಲಿಗೂ ಇರುವ ಅಂತರವಾಗಿ ಅದನ್ನು ಬಳಸಿಕೊಂಡರು.

ಇನ್ನೊಂದು ಬಗೆಯ ಕೆಲಸ ಅಮೆರಿಕದ ಟಿ.ವಿ.ಗೆ. ಡಿಸ್ನಿಯ 'ಮೈ ಫ್ರೆಂಡ್ಸ್ ಟಿಗರ್ ಅಂಡ್ ಪೂ', ಹ್ಯಾಸ್ಬ್ರೊ ಕಂಪನಿಯ 'ಟ್ರಾನ್ಸ್‌ಫಾರ್ಮರ್ಸ್ ಪ್ರೈಮ್', 'ಸ್ಟಾರ್ ವಾರ್ಸ್: ದಿ ಕ್ಲೋನ್ ವಾರ್ಸ್', 'ಟ್ರಾನ್: ಅಪ್‌ರೈಸಿಂಗ್'. ಕಥೆ ಅವರದು, ಪಾತ್ರ ಅವರದು, ಹಕ್ಕು ಅವರದು. ಪಾಲಿಗಾನ್ ಮಾಡಿದ್ದು ಗುಣಮಟ್ಟದ ಕೂಲಿ. ಹಣ ಸಮಯಕ್ಕೆ ಬಂತು. ನೂರಾರು ಜನರ ತಂಡವನ್ನು ಕಟ್ಟಿ, ವಾರಕ್ಕೊಂದು ಕಂತು ತಪ್ಪದೆ ಕೊಡುವ ಶಿಸ್ತು ಬಂತು. ಬಾರದೇ ಇದ್ದದ್ದು ಊರಿನ ಮನ್ನಣೆ. ತನ್ನ ನೆಲದ ಹುಡುಗ ಹುಡುಗಿಯರು ತಡರಾತ್ರಿ ಎದ್ದು ಕೂತು ನೋಡುವಂಥ ಒಂದು ಸರಣಿಯೂ ಅದರ ಹೆಸರಿನಲ್ಲಿ ಇರಲಿಲ್ಲ.

ಯಂತ್ರಕ್ಕೆ ಅಕ್ಷರಾಭ್ಯಾಸ

ಮೂವತ್ತು ತುಂಬಿದ ನೆನಪಿಗೆ ಪಾಲಿಗಾನ್ ತೆಗೆದುಕೊಂಡ ಕೆಲಸ 'ನೈಟ್ಸ್ ಆಫ್ ಸಿದೋನಿಯಾ'. ತ್ಸುತೊಮು ನಿಹೆಯ್ ಅವರ ಮಾಂಗಾ ಆಧರಿಸಿ, ಕೊಬುನ್ ಷಿಜುನೊ ಮತ್ತು ಹಿರೊಯುಕಿ ಸೆಷಿತ ಅವರ ನಿರ್ದೇಶನದಲ್ಲಿ, 2014ರ ಏಪ್ರಿಲ್‌ನಲ್ಲಿ ಅದು ಜಪಾನೀ ಟಿ.ವಿ.ಯಲ್ಲಿ ಶುರುವಾಯಿತು. ಜುಲೈಯಲ್ಲಿ ನೆಟ್‌ಫ್ಲಿಕ್ಸ್ ಅದನ್ನು ತನ್ನ 'ಒರಿಜಿನಲ್' ಎಂಬ ಹಣೆಪಟ್ಟಿಯಡಿ ಹೊರದೇಶಗಳಿಗೆ ತಂದಿತು. ಆ ಹಣೆಪಟ್ಟಿ ಹೊತ್ತ ಮೊದಲ ಅನಿಮೆ ಅದೇ.

ನಿಹೆಯ್ ಆಯ್ಕೆ ಕಾಕತಾಳೀಯವಲ್ಲ. ಚಿತ್ರಕಾರರಾಗುವ ಮೊದಲು ಅವರು ಕಟ್ಟಡ ನಿರ್ಮಾಣದ ಕೆಲಸದಲ್ಲಿದ್ದವರು. ಅವರ ಪುಟಗಳಲ್ಲಿ ಮನುಷ್ಯ ಇರುವೆಯಷ್ಟು, ಗೋಡೆಗಳು ಬೆಟ್ಟದಷ್ಟು. ಕೈಯಿಂದ ಬರೆದು ಅಂಥ ಕಟ್ಟಡಗಳ ಸುತ್ತ ಕ್ಯಾಮೆರಾ ತಿರುಗಿಸುವುದು ಹೆಚ್ಚುಕಡಿಮೆ ಆಗದ ಮಾತು. ಯಂತ್ರಕ್ಕೆ ಅದು ನೀರು ಕುಡಿದಷ್ಟು ಸುಲಭ. ಕಷ್ಟವಿದ್ದದ್ದು ಮುಖದಲ್ಲಿ.

ಮುಖಕ್ಕೆ ಗೆರೆ ತರುವುದು ಹೇಗೆ? ಮೊದಲ ಉಪಾಯ ಲೆಕ್ಕದ್ದು. ಮೈ ಎಲ್ಲಿ ಕ್ಯಾಮೆರಾದಿಂದ ಆಚೆ ತಿರುಗುತ್ತದೋ ಅಲ್ಲಿ ಅಂಚಿದೆ ಎಂದು ಯಂತ್ರಕ್ಕೆ ಹೇಳಿ, ಅಲ್ಲಿ ಕಪ್ಪು ಎಳೆಸುವುದು. 'ಪೆನ್ಸಿಲ್ ಪ್ಲಸ್' ಎಂಬ ಜಪಾನೀ ತಂತ್ರಾಂಶ ಇದೇ ಕೆಲಸಕ್ಕಾಗಿ ಅಲ್ಲಿನ ಸ್ಟುಡಿಯೋಗಳಲ್ಲಿ ಮನೆಮಾತಾಗಿದೆ. ಇನ್ನೊಂದು ಉಪಾಯ ಇನ್ನೂ ಸರಳ: ಪಾತ್ರದ ಮೈಗಿಂತ ಕೂದಲೆಳೆಯಷ್ಟು ದೊಡ್ಡದಾದ ಕಪ್ಪು ಚಿಪ್ಪನ್ನು ಒಳಹೊರಗು ಮಾಡಿ ತೊಡಿಸಿದರೆ ಅಂಚಿನಲ್ಲಿ ಮಾತ್ರ ಅದು ಇಣುಕುತ್ತದೆ. ಆದರೆ ಲೆಕ್ಕದ ಗೆರೆ ಎಲ್ಲ ಕಡೆ ಒಂದೇ ದಪ್ಪ. ಕೈಗೆರೆಗೆ ಶುರು, ಒತ್ತು, ಬಾಲ ಇರುತ್ತವೆ. ಹಾಗಾಗಿ ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಗೆರೆಯೇ ಬೇಡ ಎಂದು ಕಲಾವಿದರು ಕೂತು ಯಂತ್ರಕ್ಕೆ ತಿದ್ದಿಸಬೇಕಾಯಿತು. ಮರಳಿನ ಮೇಲೆ ಮಗುವಿನ ಬೆರಳು ಹಿಡಿದು ಅ ಆ ತಿದ್ದಿಸಿದ ಹಾಗೆ.

ಎರಡನೆಯ ತೊಡಕು ಚಿತ್ರಕಾರನ ಸುಳ್ಳುಗಳದ್ದು. ಮಾಂಗಾ ಮುಖವನ್ನು ಎದುರಿನಿಂದ ಬರೆದಾಗ ಮೂಗು ಒಂದು ಚುಕ್ಕೆ, ಪಕ್ಕದಿಂದ ಬರೆದಾಗ ಚೂಪು ತ್ರಿಕೋನ. ಈ ಎರಡಕ್ಕೂ ಹೊಂದುವ ಒಂದೇ ತಲೆ ಜಗತ್ತಿನಲ್ಲಿ ಇರಲಾರದು. ಕೈಯಿಂದ ಬರೆಯುವವನಿಗೆ ಅದರ ಚಿಂತೆಯಿಲ್ಲ, ಪ್ರತಿ ಸಲವೂ ಹೊಸದಾಗಿ ಬರೆಯುತ್ತಾನೆ. ಯಂತ್ರದ ಬಳಿ ಇರುವುದು ಒಂದೇ ತಲೆ. ಹಾಗಾಗಿ ಕ್ಯಾಮೆರಾ ತಿರುಗಿದಂತೆಲ್ಲ ಆ ತಲೆಯನ್ನೇ ಗುಟ್ಟಾಗಿ ಒತ್ತಿ, ಎಳೆದು, ಸೊಟ್ಟ ಮಾಡಬೇಕಾಯಿತು. ನಿಜವಾದ ಆಕಾರವನ್ನು ಕೆಡಿಸಿದಾಗಲೇ ಚಿತ್ರ ಸರಿಯಾಗುತ್ತಿತ್ತು. ಬೆಳಕಿಗೂ ಅದೇ ಗತಿ. ಯಂತ್ರ ಕೊಡುವ ನೂರಾರು ಛಾಯೆಗಳನ್ನು ಕತ್ತರಿಸಿ, ಬೆಳಕು ಮತ್ತು ನೆರಳು ಎಂಬ ಎರಡಕ್ಕೆ ಇಳಿಸಿದರು.

ಮೂರನೆಯದು ಚಲನೆ. ಯಂತ್ರ ಸೆಕೆಂಡಿಗೆ 24 ಚಿತ್ರವನ್ನು ಬೇಡವೆಂದರೂ ಕೊಡುತ್ತದೆ. ಆದರೆ ಆ ನುಣುಪು ಚಲನೆಯಲ್ಲಿ ಅನಿಮೆ ಪಾತ್ರ ರಬ್ಬರಿನಂತೆ ಜಾರುತ್ತದೆ. ಆದ್ದರಿಂದ ಅನಿಮೆಯ ರೀತಿ ಹಿಡಿದ ಸ್ಟುಡಿಯೋಗಳು ಯಂತ್ರ ಕೊಟ್ಟ ಚಿತ್ರಗಳಲ್ಲಿ ಅರ್ಧವನ್ನೋ ಅದಕ್ಕಿಂತ ಹೆಚ್ಚನ್ನೋ ಕೈಬಿಟ್ಟು, ಉಳಿದದ್ದನ್ನು ಎರಡು ಮೂರು ಫ್ರೇಮ್ ನಿಲ್ಲಿಸಿದವು. ತೆಜುಕಾ 1963ರಲ್ಲಿ ಹಣವಿಲ್ಲದೆ ಮಾಡಿದ್ದನ್ನು ಇವರು ಬೇಕೆಂದೇ ಮಾಡಿದರು.

'ಸಿದೋನಿಯಾ' ಬಂದಾಗ ಬೈಗುಳ ಇಲ್ಲದಿರಲಿಲ್ಲ. ಮುಖಗಳು ಮರಗಟ್ಟಿವೆ ಎಂದವರು ಬಹಳ. ಆದರೆ ಎರಡು ಸಾವಿರ ಅಡಿಯಿಂದ ಬೀಳುವ ಮನುಷ್ಯರು, ಶೂನ್ಯದಲ್ಲಿ ಕೈಕೈ ಹಿಡಿದು ಸುತ್ತುವ ಯುದ್ಧಯಂತ್ರಗಳು ಕೈಗೆ ಎಟುಕದ ದೃಶ್ಯಗಳಾಗಿದ್ದವು. ನೋಡುಗರು ನಿಧಾನಕ್ಕೆ ಒಗ್ಗಿದರು. ಆ ಬಳಿಕ ಪಾಲಿಗಾನ್ ಚಿತ್ರಮಂದಿರಕ್ಕೆ ಬಂತು: 2015ರಿಂದ 'ಅಜಿನ್' ಚಿತ್ರಗಳು, 2017ರ ಮೇಯಲ್ಲಿ ನಿಹೆಯ್ ಅವರದೇ 'ಬ್ಲೇಮ್!', ಅದೇ ನವೆಂಬರಿನಿಂದ ಒಂದು ವರ್ಷದೊಳಗೆ ಮೂರು 'ಗಾಡ್ಜಿಲ್ಲಾ' ಚಿತ್ರಗಳು. 1954ರಿಂದ ರಬ್ಬರ್ ವೇಷ ತೊಟ್ಟು ಕುಣಿಯುತ್ತಿದ್ದ ಗಾಡ್ಜಿಲ್ಲಾ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರವಾದದ್ದು ಇದೇ ಮೊದಲು. ಆ ಹಕ್ಕುಳ್ಳ ತೊಹೊ ಕಂಪನಿ ಮನೆಯ ಹಿರಿಯ ಮೃಗವನ್ನು ಪಾಲಿಗಾನ್ ಕೈಗೆ ಒಪ್ಪಿಸಿದ್ದು ಸಣ್ಣ ಮಾತಲ್ಲ. ಜಾಹೀರಾತಿನ ಪೆಂಗ್ವಿನ್ ಕುಣಿಸುತ್ತಿದ್ದವರು ಕೊನೆಗೂ ಪಂಕ್ತಿಯಲ್ಲಿ ಕೂತರು.

ಎದುರುಸಾಕ್ಷಿ

ಗೆರೆ ಇದ್ದರೇ ಗೆಲುವು ಎಂದು ಇದರಿಂದ ಸೂತ್ರ ಮಾಡಿದರೆ ಇತಿಹಾಸ ಒಪ್ಪುವುದಿಲ್ಲ. 'ಸಿದೋನಿಯಾ' ಬಂದ 2014ರಲ್ಲೇ ಷಿರೊಗುಮಿ ಸ್ಟುಡಿಯೋ ಮಾಡಿದ 'ಸ್ಟ್ಯಾಂಡ್ ಬೈ ಮಿ ಡೊರೆಮಾನ್' ಬಂತು. ಅದರಲ್ಲಿ ಗೆರೆಯ ಸುಳಿವೇ ಇಲ್ಲ, ಎಲ್ಲವೂ ದುಂಡನೆಯ ಬೊಂಬೆಗಳು. ಜಪಾನಿನಲ್ಲೇ ಅದು 800 ಕೋಟಿ ಯೆನ್‌ಗಿಂತ ಹೆಚ್ಚು ಗಳಿಸಿತು. ಡೊರೆಮಾನ್ ಮೊದಲೇ ಬೊಂಬೆಯಾಗಿ ಮಕ್ಕಳ ಮಂಚದ ಮೇಲಿದ್ದವನು, ಅವನಿಗೆ ಮೈ ಬಂದರೆ ಯಾರಿಗೂ ವಿಚಿತ್ರವೆನಿಸದು. ಆದರೆ 2020ರ ಕೊನೆಯಲ್ಲಿ ಘಿಬ್ಲಿ ಸ್ಟುಡಿಯೋ ಗೊರೊ ಮಿಯಜಾಕಿ ಅವರ ನಿರ್ದೇಶನದಲ್ಲಿ ತನ್ನ ಮೊದಲ ಪೂರ್ಣ ಕಂಪ್ಯೂಟರ್ ಚಿತ್ರ 'ಇಯರ್‌ವಿಗ್ ಅಂಡ್ ದಿ ವಿಚ್' ತಂದಾಗ ಅಭಿಮಾನಿಗಳೇ ಪ್ಲಾಸ್ಟಿಕ್ ಎಂದು ಮುಖ ತಿರುಗಿಸಿದರು. ಘಿಬ್ಲಿ ಎಂದರೆ ಜನರಿಗೆ ಒಂದು ಕೈಬರಹ. ಆ ಕೈಬರಹ ಅಲ್ಲಿ ಕಾಣೆಯಾಗಿತ್ತು.

ಎಂದರೆ ಪ್ರಶ್ನೆ ಗೆರೆ ಬೇಕೋ ಬೇಡವೋ ಎಂಬುದಲ್ಲ. ಈ ಚಿತ್ರದಲ್ಲಿ ಒಬ್ಬರ ಕೈ ಇದೆಯೇ ಎಂಬುದು. ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ 2022ರ ಡಿಸೆಂಬರಿನ 'ದಿ ಫಸ್ಟ್ ಸ್ಲ್ಯಾಮ್ ಡಂಕ್'. ಮಾಂಗಾ ಬರೆದ ತಾಕೆಹಿಕೊ ಇನೊಉಎ ಅವರೇ ನಿರ್ದೇಶಕರು. ಬ್ಯಾಸ್ಕೆಟ್‌ಬಾಲ್ ಪಂದ್ಯವೆಲ್ಲ ಕಂಪ್ಯೂಟರಿನಲ್ಲಿ ಆದದ್ದು. ಆದರೆ ಚಿತ್ರ ಶುರುವಾಗುವುದು ಖಾಲಿ ಹಾಳೆಯ ಮೇಲೆ ಪೆನ್ಸಿಲ್ ಗೆರೆ ಮೂಡುವುದರಿಂದ. ಆ ಗೆರೆ ಒಬ್ಬ ಆಟಗಾರನಾಗುತ್ತದೆ, ಎದ್ದು ನಡೆಯತೊಡಗುತ್ತದೆ, ಪಕ್ಕದಲ್ಲಿ ಇನ್ನೊಬ್ಬ ಮೂಡುತ್ತಾನೆ. ಮುಂದಿನ ಎರಡು ಗಂಟೆ ಯಂತ್ರದ್ದಾದರೂ ಅದು ಯಾರ ಕೈಕೆಳಗಿನ ಯಂತ್ರ ಎಂದು ಮೊದಲ ನಿಮಿಷದಲ್ಲೇ ಹೇಳಿಬಿಡುತ್ತದೆ. ಜಪಾನಿನಲ್ಲಿ ಅದರ ಗಳಿಕೆ 1500 ಕೋಟಿ ಯೆನ್ ದಾಟಿತು.

ವೆಂಕಟಪ್ಪನವರ ಮಂಜು

ಈ ಕಥೆ ಕನ್ನಡದವರಿಗೆ ದೂರದ್ದಲ್ಲ. ಬೆಂಗಳೂರು ಎರಡು ದಶಕಗಳಿಂದ ಪ್ರಪಂಚದ ಅನಿಮೇಷನ್ ಕಾರ್ಖಾನೆಗಳಲ್ಲಿ ಒಂದು. ಡ್ರೀಮ್‌ವರ್ಕ್ಸ್‌ನ 'ಪುಸ್ ಇನ್ ಬೂಟ್ಸ್: ದಿ ತ್ರೀ ಡಯಾಬ್ಲೋಸ್' (2012) ಕಿರುಚಿತ್ರ ಇಲ್ಲಿನ ಟೆಕ್ನಿಕಲರ್ ಸಂಸ್ಥೆಯ ಘಟಕದಲ್ಲಿ ರೂಪುಗೊಂಡಿತು. ಆಮೇಲೂ ಎಷ್ಟೋ ಹಾಲಿವುಡ್ ಚಿತ್ರಗಳ ಹೊಗೆ, ನೀರು, ಹುಲಿ, ಸಿಂಹ ಇಲ್ಲಿನ ಹುಡುಗರ ಮೇಜಿನ ಮೇಲೆ ಹುಟ್ಟಿದವು. 2025ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಮಾತೃಸಂಸ್ಥೆ ಕುಸಿಯಿತು, ಬೆಂಗಳೂರಿನ ಬಾಗಿಲೂ ಮುಚ್ಚಿತು. ಸಾವಿರಾರು ಜನರ ಕೆಲಸ ದಿನ ಬೆಳಗಾಗುವುದರೊಳಗೆ ಹೋಯಿತು. ಅವರ ಕೈಯಲ್ಲಿ ಕೌಶಲವಿತ್ತು, ತಮ್ಮದೆನ್ನುವ ಒಂದು ಪಾತ್ರವೂ ಇರಲಿಲ್ಲ. ಅದೇ ವರ್ಷದ ಜುಲೈಯಲ್ಲಿ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ 'ಮಹಾವತಾರ ನರಸಿಂಹ' ಕನ್ನಡದಲ್ಲೂ ಬಿಡುಗಡೆಯಾಗಿ, ಭಾರತದ ಅನಿಮೇಷನ್ ಚಿತ್ರಗಳಲ್ಲೇ ಅತಿ ಹೆಚ್ಚು ಗಳಿಸಿತು. ಸ್ವಂತ ಕಥೆಗೆ ನೋಡುಗರಿದ್ದಾರೆ ಎಂದು ಅದು ತೋರಿಸಿತು. ನಮ್ಮದೇ ಚಿತ್ರಭಾಷೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ.

ಆ ಉತ್ತರಕ್ಕೆ ಹಿಂದಿನ ಒಂದು ಉದಾಹರಣೆ ಮೈಸೂರಿನಲ್ಲಿದೆ. ಅರಮನೆಯ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥರ ಶಿಷ್ಯರಾದರು. ತೈಕಾನ್ ಅವರಿಂದ ಅವನೀಂದ್ರನಾಥರಿಗೆ ಬಂದ ನೀರಿನ ವಿದ್ಯೆ ಅವರಿಗೂ ಬಂತು. ಗುರುಗಳ ಜೊತೆ ಪುಸ್ತಕಗಳಿಗೆ ಚಿತ್ರ ಬರೆದರು. ಅಲ್ಲೇ ನಿಂತಿದ್ದರೆ ಬಂಗಾಳ ಶಾಲೆಯ ಇನ್ನೊಬ್ಬ ಅನುಯಾಯಿ ಎನಿಸಿಕೊಳ್ಳುತ್ತಿದ್ದರು. ಮೈಸೂರಿಗೆ ಮರಳಿದರು. ಮುಂದೆ ಊಟಿಗೆ ಹೋಗಿ ಮುಂಗಾರಿನ ಮೋಡ, ಬೆಟ್ಟದ ಮೇಲಿಂದ ಇಳಿಯುವ ಮಂಜು, ಬೆಳದಿಂಗಳನ್ನು ಜಲವರ್ಣದಲ್ಲಿ ಹಿಡಿದರು. ಆ ಚಿತ್ರಗಳ ಮಬ್ಬು ಜಪಾನಿನದೂ ಅಲ್ಲ, ಬಂಗಾಳದ್ದೂ ಅಲ್ಲ. ನೀಲಗಿರಿಯಲ್ಲಿ ಬೆಳಗ್ಗೆ ಎದ್ದು ಚಳಿಯಲ್ಲಿ ನಿಂತವರಿಗೆ ಅದು ಎಲ್ಲಿಯದೆಂದು ಹೇಳಿಕೊಡಬೇಕಾಗಿಲ್ಲ.

ಪಾಲಿಗಾನ್‌ಗೆ ಪರರ ಕೆಲಸ ಮಾಡುತ್ತಲೇ ಸ್ವಂತ ಗೆರೆಗೆ ಬರಲು ಮೂವತ್ತು ವರ್ಷ ಹಿಡಿಯಿತು. ಆ ಮೂವತ್ತು ವರ್ಷದ ಕೂಲಿ ವ್ಯರ್ಥವಾಗಲಿಲ್ಲ, ಏಕೆಂದರೆ ಒಂದು ದಿನ ಅದನ್ನು ತನ್ನ ಊರಿನ ಪುಸ್ತಕವೊಂದಕ್ಕೆ ಸುರಿಯಲು ಅದು ಮನಸ್ಸು ಮಾಡಿತು. ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡು ಕೂತ ಕೈಗಳಿಗೆ ಯಂತ್ರ ಗೊತ್ತು, ಬೆಳಕು ಗೊತ್ತು, ಹುಲಿಯ ಮೈಯ ಒಂದೊಂದು ರೋಮವೂ ಗೊತ್ತು. ಅವರಿಗೆ ಬರೆಯಲು ಒಂದು ಊಟಿ ಬೇಕಾಗಿದೆ.